ಬೀಗ ಅಂತ ಬರೆದ್ರಿ, ಕೀಲಿಕೈ ಯಾರ ಹತ್ರ ಇತ್ತು?

ನಮಸ್ಕಾರ. ನೀವು ಕಳಿಸಿದ 'ಕೈಕೊಟ್ಟ ಮಿತ್ರರು' ಲೇಖನ ಎರಡು ಸಲ ಓದಿದೆ. ಯುಕ್ರೇನ್‌ಗೆ ಬೇಕಾದ ಹೊತ್ತಲ್ಲಿ ಯುರೋಪಿನವರು ಶಸ್ತ್ರ ಕಳಿಸಲಿಲ್ಲ ಅನ್ನೋ ಸಿಟ್ಟು ನಿಮ್ಮದು, ಆ ಸಿಟ್ಟು ನಿಜವಾದದ್ದು, ಭಾಷೆನೂ ಚೆನ್ನಾಗಿ ಓಡುತ್ತೆ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಎರಡು ವಾಕ್ಯ ನನ್ನನ್ನ ರಾತ್ರಿಯೆಲ್ಲ ಕೊರೀತಾ ಇದ್ವು, ಅವುಗಳ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲನೇದು. "ನ್ಯಾಟೋ ಒಪ್ಪಂದದ 5ನೇ ವಿಧಿ ಪ್ರಕಾರ ಮಿತ್ರರೆಲ್ಲ ಸೈನ್ಯ ಕಳಿಸಲೇಬೇಕಿತ್ತು." ನ್ಯಾಟೋ ಅಂದ್ರೆ ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ, ಯುಕ್ರೇನ್ ಅದರ ಸದಸ್ಯ ಅಲ್ಲ, ಆ ವಿಧಿ ಅದಕ್ಕೆ ಅನ್ವಯಿಸೋದೇ ಇಲ್ಲ, ಅದನ್ನ ನಾನೇ ತಿದ್ದಬಹುದಿತ್ತು. ನನಗೆ ಕಿರಿಕಿರಿ ಆಗಿದ್ದು 'ಲೇಬೇಕಿತ್ತು' ಅನ್ನೋದು. 1949ರ ಆ ಒಪ್ಪಂದ ತೆಗೆದು ಓದಿ, ಬರೀ 14 ವಿಧಿ ಇದೆ. ಸದಸ್ಯ ದೇಶದ ಮೇಲೇ ದಾಳಿ ಆದ್ರೂ ಉಳಿದ ಪ್ರತಿಯೊಂದು ದೇಶ ತನಗೆ ಅಗತ್ಯ ಅನ್ನಿಸಿದ ಕ್ರಮ ತಗೋಬೇಕು ಅಂತಿದೆ, ಸೈನ್ಯ ಬಳಸೋದು ಅದರಲ್ಲಿ ಒಂದು ದಾರಿ. ಅದರ ಮೇಲೆ 11ನೇ ವಿಧಿ, ಅವರವರ ಸಂವಿಧಾನದ ಪ್ರಕಾರವೇ ಜಾರಿ ಆಗಬೇಕು ಅನ್ನುತ್ತೆ. ಜರ್ಮನಿಯಲ್ಲಿ ಹಾಗಂದ್ರೆ ಸಂಸತ್ತಿನ ವೋಟು. ಸೈನಿಕರನ್ನ ಹೊರದೇಶದ ಕಾರ್ಯಾಚರಣೆಗೆ ಕಳಿಸೋಕೆ ಸಂಸತ್ತಿನ ಒಪ್ಪಿಗೆ ಬೇಕು ಅಂತ ಅಲ್ಲಿನ ಸಂವಿಧಾನ ಕೋರ್ಟು 1994ರ ಜುಲೈನಲ್ಲೇ ತೀರ್ಪು ಕೊಟ್ಟಿದೆ. ನೀವು 'ಹೇಡಿತನ' ಅಂತ ಬರೆದಿರೋ ಜಾಗದಲ್ಲಿ ಈ ತೀರ್ಪು ಇರಬೇಕಿತ್ತು.

ಎರಡನೇದು. "ಜರ್ಮನಿ ಗೋದಾಮಿಗೆ ಬೀಗ ಹಾಕಿಕೊಂಡು ಕೂತಿತ್ತು." ಓದೋಕೆ ಚೆನ್ನಾಗಿದೆ, ಎಲ್ಲರೂ ಇದನ್ನೇ ಶೇರ್ ಮಾಡ್ತಾರೆ, ಅದಕ್ಕೇ ನನಗೆ ಭಯ.

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಟ್ರೈನಿ ಆಗಿದ್ದಾಗ ಒಂದೂರಲ್ಲಿ ನೀರಿನ ಟ್ಯಾಂಕ್ ಕಟ್ಟಿ ಎರಡು ವರ್ಷ ಆದ್ರೂ ನಲ್ಲೀಲಿ ನೀರು ಬಂದಿರಲಿಲ್ಲ, 'ಅಧಿಕಾರಿಗಳು ಕೈಕಟ್ಟಿ ಕೂತಿದ್ದಾರೆ' ಅಂತ ಬರೆದುಕೊಟ್ಟೆ. ಡೆಸ್ಕಿನ ಹಿರಿಯರು ಆ ಸಾಲಿನ ಕೆಳಗೆ ಗೆರೆ ಎಳೆದು, "ಯಾವ ಅಧಿಕಾರಿ? ಫೈಲು ಯಾವ ಟೇಬಲ್ ಮೇಲಿದೆ? ನೋಡ್ಕೊಂಡು ಬಾ" ಅಂದ್ರು. ಮೂರು ದಿನ ಬಸ್ಸಲ್ಲಿ ಓಡಾಡಿದೆ. ಟ್ಯಾಂಕ್ ಪಂಚಾಯ್ತಿಗೆ ಹಸ್ತಾಂತರವೇ ಆಗಿರಲಿಲ್ಲ, ಪಂಪಿನ ಕರೆಂಟಿಗೆ ಡೆಪಾಸಿಟ್ ಯಾರು ಕಟ್ಟಬೇಕು ಅನ್ನೋದು ಎರಡು ಆಫೀಸುಗಳ ನಡುವೆ ನೇತಾಡ್ತಿತ್ತು. ಸುದ್ದಿ ಬಂದ ತಿಂಗಳಲ್ಲಿ ನೀರು ಬಂತು. ಆ ಹಿರಿಯರು ಈಗಿಲ್ಲ, ಆದ್ರೆ ಅವರ ಆ ಪ್ರಶ್ನೆ ಇವತ್ತಿಗೂ ನನ್ನ ಕಿವೀಲಿದೆ.

ನಿಮ್ಮ ಗೋದಾಮಿಗೂ ಅದೇ ಪ್ರಶ್ನೆ. 2022ರಲ್ಲಿ ಜರ್ಮನಿ ಯುಕ್ರೇನ್‌ಗೆ ಗೆಪಾರ್ಡ್ ಅನ್ನೋ ವಿಮಾನ ಹೊಡೆಯೋ ತೋಪುಗಾಡಿಗಳನ್ನ ಕೊಡ್ತು, ಅದರ 35 ಎಂಎಂ ಗುಂಡುಗಳು ಸ್ವಿಟ್ಜರ್ಲೆಂಡಲ್ಲಿ ತಯಾರಾದವು, ದುಡ್ಡು ಕೊಟ್ಟು ಕೊಂಡಿದ್ದು ಜರ್ಮನಿನೇ, ಆದ್ರೂ ಸ್ವಿಸ್ ಸರ್ಕಾರ ಒಪ್ಪದೆ ಬೇರೆಯವರಿಗೆ ದಾಟಿಸಲ್ಲ ಅಂತ ಕೊಳ್ಳುವಾಗಲೇ ಬರೆದುಕೊಟ್ಟಿತ್ತು. ಸುಮಾರು 12,400 ಗುಂಡು ಕಳಿಸ್ತೀವಿ ಅಂತ ಕೇಳಿದ್ರೆ ಸ್ವಿಸ್ಸಿನವರು ತಟಸ್ಥ ನೀತಿ, ಯುದ್ಧದಲ್ಲಿರೋ ದೇಶಕ್ಕೆ ಕೊಡೋ ಹಾಗಿಲ್ಲ ಅನ್ನೋ ಕಾನೂನು ಮುಂದಿಟ್ಟು ಆಗಲ್ಲ ಅಂದ್ರು. ಕೊನೆಗೆ ಆ ಗುಂಡನ್ನ ಜರ್ಮನಿಯಲ್ಲೇ ತಯಾರಿಸೋಕೆ ರೈನ್‌ಮೆಟಲ್ ಕಂಪನಿ ಹೊಸ ಲೈನ್ ಹಾಕಬೇಕಾಯ್ತು. ಇಲ್ಲಿ ಗೋದಾಮು ಜರ್ಮನಿದು, ಕೀಲಿಕೈ ಸ್ವಿಸ್ ಸರ್ಕಾರ ಇರೋ ಬರ್ನ್‌ನಲ್ಲಿ.

ಲೆಪರ್ಡ್ 2 ಅನ್ನೋ ಯುದ್ಧ ಟ್ಯಾಂಕಿನ ವಿಷಯದಲ್ಲಿ ಇದು ತಿರುವುಮುರುವು. ಟ್ಯಾಂಕ್ ಪೋಲೆಂಡಿನದು, ಆದ್ರೆ ತಯಾರಾಗಿದ್ದು ಜರ್ಮನಿಯಲ್ಲಿ, ಹಾಗಾಗಿ ಯುಕ್ರೇನ್‌ಗೆ ದಾಟಿಸೋಕೆ ಒಪ್ಪಿಗೆ ಕೊಡಬೇಕಾದ್ದು ಬರ್ಲಿನ್. 2023ರ ಜನವರಿ 24ಕ್ಕೆ ಪೋಲೆಂಡ್ ಅಧಿಕೃತವಾಗಿ ಅರ್ಜಿ ಹಾಕ್ತು, ಮಾರನೇ ದಿನವೇ ಜರ್ಮನಿ ಹೂಂ ಅಂದು ತಾನೂ 14 ಟ್ಯಾಂಕ್ ಕೊಡ್ತೀನಿ ಅಂತು. ಅಲ್ಲಿ ಕಾನೂನು ಅಡ್ಡ ಬಂದಿರಲಿಲ್ಲ, ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ಮನಸ್ಸು ಮಾಡೋಕೆ ವಾರಗಟ್ಟಲೆ ತಗೊಂಡ್ರು. ಬೈಯೋದಿದ್ರೆ ಇಲ್ಲಿ ಬೈಯಿರಿ, ಒಂದಕ್ಷರ ಕಟ್ ಮಾಡದೆ ಹಾಕ್ತೀನಿ.

ಉಳಿದ ಪ್ಯಾರಾಗಳನ್ನ ಮುಟ್ಟಿಲ್ಲ. ಗೆಪಾರ್ಡ್ ಗುಂಡಿನಿಂದ ಶುರು ಮಾಡಿ, 'ಮಿತ್ರರು' ಅಂತ ಬರೆದ ಕಡೆಯೆಲ್ಲ ಆ ದೇಶದಲ್ಲಿ ಸಹಿ ಹಾಕಬೇಕಾದವರು ಯಾರು ಅಂತ ಹುಡುಕಿ ಬರೆದು ಕಳಿಸಿ. ಮುಂದಿನ ಭಾನುವಾರದವರೆಗೂ ನಿಮ್ಮ ಜಾಗ ಹಾಗೇ ಇಟ್ಟಿರ್ತೀನಿ.