ಕಾಂಟೆಸ್ಸಾ ಕಾರಿನ ಹಿಂದಿನ ಡ್ರಮ್ ಬ್ರೇಕ್ ತೆಗೆದು ಡ್ರ್ಯಾಗ್ ರೇಸಿನ ಹಗುರ ಡಿಸ್ಕ್ ಬ್ರೇಕ್ ದಾವಣಗೆರೆಯಲ್ಲಿ ಹಾಕಿಸಬಹುದೇ?

ಹಾಕಿಸಬಹುದು, ಬೆಂಗಳೂರಿಗೆ ಓಡಬೇಕಿಲ್ಲ. ಆದರೆ ಇರೋದು ಒಂದೇ ಕಾರು ಅಂತ ಬರೆದಿದ್ದೀರಿ, ಅದರ ಮೇಲೆ ಎರಡು ಆಸೆ ಇಟ್ಟುಕೊಂಡಿದ್ದೀರಿ. ಡ್ರ್ಯಾಗ್ ರೇಸಿನ 402 ಮೀಟರ್ ನೇರ ಓಟದಲ್ಲಿ ಟೈಮ್ ಇಳೀಬೇಕು, ಅದೇ ಗಾಡಿಯಲ್ಲಿ ಮನೆಯವರನ್ನ ಕೂರಿಸಿಕೊಂಡು ತಿರುಗಾಡಲೂ ಬೇಕು. ಈ ಬ್ರೇಕ್ ಇರೋದು ಮೊದಲನೆಯದಕ್ಕಷ್ಟೇ.

ನಾನೂ ಕಾಂಟೆಸ್ಸಾಗೇ ಹಾಕಿದ್ದು. ಪಿ.ಬಿ. ರಸ್ತೆ ಕಡೆಯ ಗುಜರಿ ಅಂಗಡಿಯ ಕಾಟಾದ ಮೇಲೆ ಒಂದು ಕಡೆಯ ಡ್ರಮ್, ಅದನ್ನ ಒಳಗಿನಿಂದ ಒತ್ತೋ ಶೂ, ಶೂ ಕೂರೋ ಬ್ಯಾಕ್ ಪ್ಲೇಟ್ ಇಟ್ಟರೆ ಹತ್ತಿರ ಹತ್ತಿರ ಒಂಬತ್ತು ಕಿಲೋ. ಹೊಸ ತೆಳು ಡಿಸ್ಕು, ಪ್ಯಾಡಿನಿಂದ ಅದನ್ನ ಹಿಡಿಯೋ ಅಲ್ಯೂಮಿನಿಯಂ ಕ್ಯಾಲಿಪರ್, ಬ್ರಾಕೆಟ್ ಸೇರಿ ಐದರೊಳಗೆ. (ಡ್ರಮ್ ಇಲ್ಲೇ ಬಿಟ್ಟು ಹೋಗ್ತೀರಾ ಅಂತ ಅಂಗಡಿಯವನು ಆಸೆಯಿಂದ ಕೇಳಿದ.) ತೂಕ ಇಳಿದದ್ದು ನಿಜ. ಆದರೆ ಡಿಸ್ಕು ಚಕ್ರದ ನಡುವೆ ತಿರುಗೋ ಸಾಮಾನು. ಅಂಚಿನಲ್ಲಿರೋ ರಿಮ್ಮು, ಟೈರಿನಲ್ಲಿ ಅಷ್ಟೇ ತೂಕ ಇಳಿಸಿದರೆ ಲಾಭ ಜಾಸ್ತಿ. ಇನ್ನೂ ಕಬ್ಬಿಣದ ರಿಮ್ ಇದ್ದರೆ ದುಡ್ಡು ಮೊದಲು ಅಲ್ಲಿ ಹಾಕಿ.

ಬ್ಯಾಕ್ ಪ್ಲೇಟ್ ಕೂತಿದ್ದ ಬೋಲ್ಟುಗಳಿಗೇ ಬ್ರಾಕೆಟ್ ಕೂರುತ್ತೆ, ಒಳ್ಳೆ ಲೇತ್ ಅಂಗಡಿ ಸಾಕು. ಕ್ಯಾಲಿಪರ್ ಡಿಸ್ಕಿನ ನಟ್ಟನಡುವೆ ಬರಬೇಕು. ಎರಡೂ ಕಡೆ ಸಂದಿ ಅಳೆಯೋ ಫೀಲರ್ ಗೇಜ್ ತೂರಿಸಿ ನೋಡಿ, ವ್ಯತ್ಯಾಸಕ್ಕೆ ಶಿಮ್ ಅನ್ನೋ ತೆಳು ತಗಡು ಕೊಡಿ. ಆಕ್ಸಲ್ ಹಿಡಿದು ಒಳಗೆ ಹೊರಗೆ ಎಳೆದು ನೋಡಿ. ಸಡಿಲ ಇದ್ದರೆ ಡಿಸ್ಕು ಕ್ಯಾಲಿಪರಿನೊಳಗೆ ಪ್ಯಾಡ್ ಒತ್ತೋ ಪಿಸ್ಟನ್ನನ್ನ ಹಿಂದಕ್ಕೆ ತಳ್ಳಿಬಿಡುತ್ತೆ, ಮುಂದಿನ ಸಲ ತುಳಿದಾಗ ಪೆಡಲ್ ಪಾತಾಳ ಸೇರುತ್ತೆ. ಏರ್ ತೆಗೆಯೋ ನಿಪ್ಪಲ್ ಮೇಲೇ ಇರಲಿ. ಎಡದ ಕ್ಯಾಲಿಪರ್ ಬಲಕ್ಕೆ ಹಾಕಿದರೆ ಅದು ಕೆಳಗೆ ಬರುತ್ತೆ, ಎಷ್ಟು ತುಳಿದರೂ ಗಾಳಿ ಹೋಗಲ್ಲ.

ಇಷ್ಟೆಲ್ಲ ಸರಿ ಮಾಡಿಯೂ ನಾನು ಎಡವಿದೆ. ಮೊದಲ ಓಟದಲ್ಲಿ ಡ್ರಮ್ ಇದ್ದಾಗಿನದಕ್ಕಿಂತ ಟೈಮ್ ಜಾಸ್ತಿ ಬಂತು. ಇಳಿದು ನೋಡಿದರೆ ಹಿಂದಿನ ರಿಮ್ ಮುಟ್ಟೋಕಾಗದಷ್ಟು ಬಿಸಿ. ಹಿಂದಿನ ಎರಡೂ ಚಕ್ರ ಎತ್ತಿ, ನ್ಯೂಟ್ರಲ್‌ಗೆ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತವು. ಎರಡು ದಿನ ಬ್ರಾಕೆಟ್ ಮಾಡಿಕೊಟ್ಟ ಲೇತ್‌ನವನನ್ನ ಬೈದುಕೊಂಡೆ, ಪಾಪ. ತಪ್ಪು ಇದ್ದದ್ದು ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನಲ್ಲಿ. ಗಾಡಿಯ ಹಿಂದಿನ ಮಾಲೀಕ ಅದನ್ನ ಯಾವುದೋ ಹಳೇ ಡ್ರಮ್ ಗಾಡಿಯಿಂದ ಬಿಚ್ಚಿ ಹಾಕಿದ್ದ. ಅಂಥವುಗಳಲ್ಲಿ ಕೆಲವಕ್ಕೆ ಲೈನಿನೊಳಗೆ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡೋ ರೆಸಿಡ್ಯುಯಲ್ ವಾಲ್ವ್ ಇರುತ್ತೆ. ಡ್ರಮ್ಮಿನಲ್ಲಿ ಶೂ ವಾಪಸ್ ಎಳೆಯೋಕೆ ಗಟ್ಟಿ ಸ್ಪ್ರಿಂಗ್ ಇದೆ, ನಡೆಯುತ್ತೆ. ಕ್ಯಾಲಿಪರಿನಲ್ಲಿ ಪಿಸ್ಟನ್ ಹಿಂದಕ್ಕೆ ಎಳೆಯೋದು ಒಂದು ರಬ್ಬರ್ ಸೀಲು, ಆ ಒತ್ತಡಕ್ಕೆ ಅದು ಸೋಲುತ್ತೆ, ಪ್ಯಾಡು ಡಿಸ್ಕನ್ನ ನೆಕ್ಕುತ್ತಲೇ ಇರುತ್ತೆ. ವಾಲ್ವ್ ತೆಗೆಸಿದ ಮೇಲೆ ಚಕ್ರ ಸಲೀಸಾಗಿ ತಿರುಗಿದವು. ಎರಡೂ ಕಡೆ ಸೇರಿ ಇಳಿಸಿದ ಎಂಟು ಕಿಲೋಗಿಂತ ಇದರಿಂದ ಸಿಕ್ಕ ಟೈಮೇ ದೊಡ್ಡದು.

ಹಿಂದಿನ ಬ್ರೇಕಿಗೆ ಹೋಗೋ ಒತ್ತಡ ತಗ್ಗಿಸೋಕೆ ಆ ಲೈನಿಗೆ, ತಿರುಗಿಸಿ ಅಡ್ಜಸ್ಟ್ ಮಾಡೋ ಪ್ರೊಪೋರ್ಷನಿಂಗ್ ವಾಲ್ವ್ ಒಂದು ಬೇಕು. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಲಾಕ್ ಆದರೆ ಗಾಡಿ ಗಿರಕಿ ಹೊಡೆಯುತ್ತೆ.

ಇನ್ನು ರಸ್ತೆ ಮಾತು. ಈ ಡಿಸ್ಕಿನೊಳಗೆ ಗಾಳಿ ಆಡೋ ಸಂದಿ ಇಲ್ಲ. ಒಂದು ಓಟಕ್ಕೆ ಒಂದೇ ಬ್ರೇಕು, ಆಮೇಲೆ ಆರೋಕೆ ಬೇಕಾದಷ್ಟು ಹೊತ್ತು, ಅದರ ಲೆಕ್ಕ ಅಷ್ಟೇ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಇಳಿಜಾರಿನಲ್ಲಿ ಒತ್ತಿಕೊಂಡೇ ಬಂದರೆ ಕಾದು ಸೊಟ್ಟಗಾಗುತ್ತೆ. ಇಂಥ ಕಿಟ್‌ಗಳಿಗೆ ಸಾಮಾನ್ಯವಾಗಿ ಹ್ಯಾಂಡ್ ಬ್ರೇಕೂ ಇರಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ರಸ್ತೆಗಿಳಿಯೋ ಕಾರಿಗೆ ಪಾರ್ಕಿಂಗ್ ಬ್ರೇಕ್ ಇರಲೇಬೇಕು. ಚಕ್ರಕ್ಕೆ ಕಲ್ಲು ಕೊಟ್ಟು ಎಷ್ಟು ದಿನ ನಿಲ್ಲಿಸ್ತೀರಿ? ನನ್ನ ಗಾಡಿ ಈಗ ಟ್ರ್ಯಾಕಿಗೆ ಹೋಗೋದೂ ಇನ್ನೊಂದು ಗಾಡಿಯ ಬೆನ್ನ ಮೇಲೆ.

ನಿಮ್ಮ ಹತ್ತಿರ ಇರೋದು ಒಂದೇ ಕಾರು ಅಂದಿದ್ದೀರಿ, ಹಾಗಾಗಿ ಸದ್ಯ ಡ್ರಮ್ ಇರಲಿ. ಟ್ರ್ಯಾಕಿಗೇ ಅಂತ ಬೇರೆ ಕಾಂಟೆಸ್ಸಾ ಸಿಕ್ಕಿದರೆ ಹೇಳಿ, ಬ್ರಾಕೆಟ್‌ಗೆ ಕತ್ತರಿಸಿದ ರಟ್ಟಿನ ಅಳತೆ ಇನ್ನೂ ಅಟ್ಟದ ಮೇಲಿದೆ.