ವಜ್ರ ಸಿಕ್ಕಿದ್ದರಿಂದಲೇ ಬೋಟ್ಸ್ವಾನಾ ಉದ್ಧಾರವಾಯಿತಾ?

ವಜ್ರ ಸಿಕ್ಕಿದ್ದು ನಿಜ, ಆದರೆ ಅಷ್ಟೇ ಅಲ್ಲ. ಆಫ್ರಿಕಾದಲ್ಲಿ ವಜ್ರ ಸಿಕ್ಕಿಯೂ ಅಂತರ್ಯುದ್ಧದಲ್ಲಿ ಬೆಂದ ದೇಶಗಳಿವೆ, ಸಿಯೆರಾ ಲಿಯೋನ್ ಇದೆ ಅಲ್ವಾ?

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನಾವನ್ನು ಬ್ರಿಟಿಷರು ಸುಮಾರು 80 ವರ್ಷ ಆಳಿದರು, ಕಟ್ಟಿದ್ದು ಮಾತ್ರ ತೀರಾ ಕಡಿಮೆ. ಆಡಳಿತ ಕಚೇರಿ ಕೂಡ ದೇಶದೊಳಗೆ ಇರಲಿಲ್ಲ, ಗಡಿಯಾಚೆ ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿತ್ತು! ಸ್ವಾತಂತ್ರ್ಯ ಹತ್ತಿರ ಬಂದಾಗ ಗ್ಯಾಬೊರೋನ್ ಎಂಬ ರಾಜಧಾನಿಯನ್ನು ಹೊಸದಾಗಿ ಕಟ್ಟಬೇಕಾಯಿತು. 1966ರ ಸೆಪ್ಟೆಂಬರ್ 30ರಂದು ದೇಶ ಸ್ವತಂತ್ರವಾದಾಗ ಭೀಕರ ಬರಗಾಲ ಬೇರೆ.

ನನ್ನ ಪ್ರಕಾರ ನಿಜವಾದ ತಿರುವು 1967. ಆ ವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲ. ಆದರೂ ಅದೇ ವರ್ಷ ಬಂದ ಕಾನೂನಿನಿಂದ ಖನಿಜದ ಹಕ್ಕು ಬುಡಕಟ್ಟುಗಳಿಂದ ಇಡೀ ದೇಶದ ಕೈಗೆ ಬಂತು. ಈ ಒಂದು ತೀರ್ಮಾನ ಎಷ್ಟು ಜಗಳ ತಪ್ಪಿಸಿತೋ! ಮುಂದೆ ಸರ್ಕಾರ ಡಿ ಬೀರ್ಸ್ ಎಂಬ ದೊಡ್ಡ ವಜ್ರ ಕಂಪನಿಯ ಜೊತೆ ಪಟ್ಟುಹಿಡಿದು ಮಾತಾಡಿ, ಗಣಿಗಳಲ್ಲಿ ಅರ್ಧ ಪಾಲು ಪಡೆಯಿತು. ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗೆ ಹೋಯಿತು. 1994ರಲ್ಲಿ ದೇಶ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಹಾಗೆ ಹೊರಬಂದ ಮೊದಲ ದೇಶ ಅದೇ.

ಎಲ್ಲವೂ ಸುಗಮವಾಗಿರಲಿಲ್ಲ. ಎಚ್‌ಐವಿ ಜನರ ಸರಾಸರಿ ಆಯಸ್ಸನ್ನೇ ಕುಗ್ಗಿಸಿತು. 2002ರಲ್ಲಿ ಸರ್ಕಾರವೇ ಉಚಿತ ಔಷಧಿ ಕೊಡಲು ಶುರುಮಾಡಿದ ಮೇಲೆ ಸಾವು ಇಳಿಯಿತು. ಬಡವ ಬಲ್ಲಿದರ ಅಂತರ ಈಗಲೂ ತುಂಬಾ ಜಾಸ್ತಿ. ಇನ್ನು ಪ್ರಯೋಗಾಲಯದ ವಜ್ರ ಬಂದು ಬೆಲೆ ಕುಸಿದಿರುವುದರಿಂದ, ಒಂದೇ ಆದಾಯ ನಂಬಿದ್ದರ ಬಿಸಿ ಈಗ ತಟ್ಟುತ್ತಿದೆ. 2024ರ ಚುನಾವಣೆಯಲ್ಲಿ 58 ವರ್ಷ ಆಳಿದ ಪಕ್ಷ ಸೋತು, ಗಲಾಟೆಯಿಲ್ಲದೆ ಅಧಿಕಾರ ಬಿಟ್ಟುಕೊಟ್ಟಿತು.