ಗೋಪುರವಿಲ್ಲದ ಕೋಟೆಗೆ ಹೋಗಬೇಕಾ?

ಪ್ರಶ್ನೆ: ಏಪ್ರಿಲ್‌ನಲ್ಲಿ ನಾನು, ನಮ್ಮ ಯಜಮಾನರು ಜಪಾನಿಗೆ ಹೊರಟಿದ್ದೇವೆ. ಹಿಮೆಜಿ ಕೋಟೆ ನೋಡೋದು ಗ್ಯಾರಂಟಿ. ಸಮುದ್ರದ ಪಕ್ಕದ ತಕಾಮತ್ಸು ಕೋಟೆಗೂ ಹೋಗಬೇಕು ಅಂತ ನನಗಾಸೆ. ಅಲ್ಲಿ ಗೋಪುರವೇ ಇಲ್ಲವಂತೆ, ಅಷ್ಟು ದೂರ ಹೋಗಿ ಬರೀ ಕಲ್ಲು ನೋಡೋದಾ ಅಂತ ಅವರ ತಕರಾರು. ಏನು ಮಾಡಲಿ?

ಉತ್ತರ: ಹೋಗಿ, ಅವರನ್ನೂ ಕರ್ಕೊಂಡೇ ಹೋಗಿ. ಮುಖ್ಯ ಗೋಪುರ ಇಲ್ಲದಿರೋದು ನಿಜ. ಶಿಥಿಲವಾಗಿದೆ ಅಂತ 1884ರಲ್ಲಿ ಕೆಡವಿದರು. ಆದರೆ ಈ ಕೋಟೆಯ ಜೀವ ಇರೋದು ನೀರಿನಲ್ಲಿ. 1588ರ ಸುಮಾರಿಗೆ ದೊರೆ ಇಕೊಮಾ ಚಿಕಾಮಾಸಾ ಇದನ್ನು ಕಟ್ಟಿಸೋಕೆ ಶುರು ಮಾಡಿದಾಗ ಸೆಟೊ ಒಳಸಮುದ್ರದ ನೀರನ್ನೇ ಕಂದಕಕ್ಕೆ ತಿರುಗಿಸಿದ. ಇವತ್ತಿಗೂ ಅದು ಉಪ್ಪುನೀರೇ. ಅಂಚಿನಲ್ಲಿ ನಿಂತು ಆಹಾರ ಹಾಕಿ ನೋಡಿ, ಮೇಲೆದ್ದು ಬಾಯಿ ತೆರೆಯೋದು ಕೆರೆಮೀನಲ್ಲ, ಸೀ ಬ್ರೀಮ್ ಅನ್ನೋ ಸಮುದ್ರದ ಮೀನು! ಕೋಟೆಯೊಳಗೆ ಇಂಥದ್ದು ಇನ್ನೆಲ್ಲಿ ಸಿಗುತ್ತೆ ಹೇಳಿ. ಅದೇ ಕಂದಕದಲ್ಲಿ ಪುಟ್ಟ ದೋಣಿಯಲ್ಲೂ ಸುತ್ತಾಡಿಸುತ್ತಾರೆ. ಸೀಟು ಕಡಿಮೆ, ಒಳಗೆ ಹೋದ ತಕ್ಷಣ ಮೊದಲು ಅದನ್ನು ವಿಚಾರಿಸಿ.

ಆಮೇಲೆ ಉತ್ತರದ ಮೂಲೆಗೆ ಹೋಗಿ. ಅಲ್ಲಿರೋ ತ್ಸುಕಿಮಿ ಯಾಗುರಾ ಅನ್ನೋ ಮೂರಂತಸ್ತಿನ ಕಾವಲು ಗೋಪುರ 1676ರ ಹೊತ್ತಿನದು, ಮರುನಿರ್ಮಾಣ ಅಲ್ಲ. ಹಡಗುಗಳ ಮೇಲೆ ಕಣ್ಣಿಡೋಕೆ ಕಟ್ಟಿದ್ದು. ಅದರ ಪಕ್ಕದ ಬಾಗಿಲಿನಿಂದ ದೊರೆ ನೇರವಾಗಿ ಸಣ್ಣ ದೋಣಿ ಹತ್ತಿ, ಆಚೆ ನಿಂತ ದೊಡ್ಡ ಹಡಗಿಗೆ ಹೋಗುತ್ತಿದ್ದ. ಆಗ ಅಲೆ ಆ ಗೋಡೆಗೇ ಬಡಿಯುತ್ತಿತ್ತು, ಈಗ ಸಮುದ್ರಕ್ಕೆ ಮಣ್ಣು ತುಂಬಿ ನಡುವೆ ರಸ್ತೆ ಬಂದಿದೆ. ಅದು ನನಗೆ ನಿಜವಾಗಿ ಬೇಜಾರಿನ ವಿಷಯ. ಮುಖ್ಯ ಗೋಪುರವಿದ್ದ ಕಲ್ಲಿನ ಕಟ್ಟೆ ಹತ್ತಿದರೆ ಆಚೆಯ ಸಮುದ್ರ, ದ್ವೀಪಗಳಿಗೆ ಹೋಗೋ ಫೆರ್ರಿಗಳು ಕಾಣುತ್ತವೆ. ಯಜಮಾನರನ್ನು ಅಲ್ಲೇ ಸ್ವಲ್ಪ ಹೊತ್ತು ಕೂರಿಸಿ.

ದಾರಿ ಸುಲಭ. ಹಿಮೆಜಿಯಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಕಾಯಾಮಾ, ಅಲ್ಲಿಂದ ಮರೀನ್ ಲೈನರ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಕಿಟಕಿ ಸೀಟು ಹಿಡಿಯಿರಿ, ಸೆಟೊ ಮಹಾಸೇತುವೆ ಮೇಲೆ ಸಮುದ್ರ ದಾಟುತ್ತೀರಿ. ತಕಾಮತ್ಸು ಸ್ಟೇಷನ್ನಿನಿಂದ ಕೋಟೆಗೆ ನಡೆದೇ ಹೋಗಬಹುದು. ಎರಡೂ ಕೋಟೆಗಳನ್ನು ಒಂದೇ ದಿನಕ್ಕೆ ತುರುಕಬೇಡಿ, ಹಿಮೆಜಿಯಲ್ಲೇ ಅರ್ಧ ದಿನ ಹೋಗುತ್ತೆ.

ಗೋಪುರ ಬೇಕೇಬೇಕು ಅಂದರೆ ತಕಾಮತ್ಸು ಇರೋ ಶಿಕೋಕು ದ್ವೀಪದಲ್ಲೇ ಇಮಾಬಾರಿ ಕೋಟೆ ಇದೆ, ಅದರ ಕಂದಕಕ್ಕೂ ಸಮುದ್ರದ್ದೇ ನೀರು. ಗೋಪುರ ಮಾತ್ರ 1980ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ನನ್ನ ಓಟು ತಕಾಮತ್ಸುಗೇ.